ಕೈಯಿದ್ದ ಜಾಗದಲ್ಲಿ ಹುಲ್ಲು

ಸಿದ್ದಾಪುರದ ಯರ್ರಮ್ಮನಿಗೆ ತಂಬೂರಿ ಬಂದದ್ದು ಅಪ್ಪನಿಂದ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಅದು ಅವಳ ತೊಡೆಯೇರಿತು. ಕುರಿ ಕಾಯುತ್ತ ಕಲಿತ ತತ್ವಪದಗಳನ್ನು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, ಇವತ್ತಿಗೂ ಭಜನೆಯಲ್ಲಿ ಹಾಡುತ್ತಾಳೆ. ಆದರೆ ಭಜನೆಯವರು ಫೋಟೊ ತೆಗೆಸಿಕೊಳ್ಳುವಾಗ ತಂಬೂರಿ ಮೇಳದ ಯಜಮಾನ ಗಾದ್ರಪ್ಪನ ಕೈಯಲ್ಲಿರುತ್ತದೆ. ಯರ್ರಮ್ಮ ಒಳಗೆ ಚಹಾ ಕಾಯಿಸುತ್ತಿರುತ್ತಾಳೆ. ತಂಬೂರಿ ಹಿಡಿದ ತನ್ನದೊಂದು ಫೋಟೊ ಬೇಕೆಂಬ ಆಸೆಯನ್ನು ಅವಳು ಹೇಳಿಕೊಂಡದ್ದು ಪಕ್ಕದ ಮನೆಯ ನಮ್ಮವ್ವನಿಗೆ ಮಾತ್ರ.

ಎರಡು ವರ್ಷದ ಹಿಂದೆ, ಕಾರ್ತಿಕದಲ್ಲಿ, ಚಳ್ಳಕೆರೆಯ ಸ್ಟುಡಿಯೊದ ಅಮರೇಶ್ ಬಂದ. ಎಣ್ಣೆ ಮಿಲ್ಲೊಂದರ ಕ್ಯಾಲೆಂಡರಿಗೆ ಹಳೆಯ ವಾದ್ಯಗಳನ್ನು ಬಯಲಲ್ಲಿಟ್ಟು ಚಿತ್ರ ತೆಗೆಯಬೇಕಂತೆ. ಯರ್ರಮ್ಮ ಹಸಿರು ಬಳೆ ತೊಟ್ಟು, ಮದುವೆಯ ರೇಷ್ಮೆ ಸೀರೆಯುಟ್ಟು ಊರ ಹಿಂದಿನ ಗುಡ್ಡ ಹತ್ತಿದಳು.

ಅವನು ತಂಬೂರಿಯನ್ನು ಬಂಡೆಗೆ ಒರಗಿಸಿ, ಅವಳನ್ನು ಪಕ್ಕಕ್ಕೆ ಸರಿಯಲು ಹೇಳಿದ. ಚಿತ್ರದಲ್ಲಿ ಜನ ಬೇಡವಂತೆ. ಸಡಿಲ ತಂತಿ ಬಿಸಿಲಿಗೆ ಮಿಂಚುವುದಿಲ್ಲ, ಬಿಗಿ ಮಾಡಿಕೊಡು ಎಂದ. ಬಿಗಿದು ಶ್ರುತಿ ಮಾಡಿದಳು. ಶ್ರುತಿಯಾದ ತಂಬೂರಿಯಿಂದ ಮಂಗಳ ಹಾಡುವ ತನಕ ಕೈ ತೆಗೆಯಬಾರದು, ಅದು ಅವಳ ಅಪ್ಪನ ನೇಮ. ಅವಳು ಬಿಡಲಿಲ್ಲ. ಅಮರೇಶ್ ಇಳಿಯುತ್ತಿದ್ದ ಸೂರ್ಯನನ್ನು ನೋಡಿದ.

"ಬಂಡೆ ಹಿಂದೆ ಕುಂತು ಹಿಡ್ಕಳವ್ವ. ಕೈಯೊಂದು ಕಾಣ್ತೈತೆ, ಇರ್ಲಿ."

ಕೈಯಾದರೂ ಬರಲಿ ಎಂದು ಅವಳು ಮುಳ್ಳಿನಲ್ಲಿ ಕುಳಿತಳು. ಬಳೆಗಳನ್ನು ಮುಂದಕ್ಕೆ ಸರಿಸಿಕೊಂಡಳು. ಅವನು ಹೋದ ಮೇಲೆ ಒಬ್ಬಳೇ ಮಂಗಳ ಹಾಡಿ, ತಂತಿ ಸಡಿಲಿಸಿ ಇಳಿದಳು.

ಕ್ಯಾಲೆಂಡರಿನಲ್ಲಿ ಬಂಡೆಯಿತ್ತು, ತಂಬೂರಿಯಿತ್ತು. ನನ್ನ ಫೋನಿನಿಂದ ಅಮರೇಶನಿಗೆ ಕರೆ ಮಾಡಿಸಿದಳು.

"ನನ್ನ ಕೈ ಎಲ್ಲಿ ಹೋಯ್ತಪ್ಪ?"

"ಅಳಿಸಿ ಹುಲ್ಲು ಹಾಕೀನವ್ವ. ಈಗ ಚಂದ ಐತೆ."

ಬೆರಳುಗಳಿದ್ದ ಕಡೆ ನಿಜಕ್ಕೂ ಹುಲ್ಲು ಬೆಳೆದಿತ್ತು. ಅದನ್ನು ಅವಳು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದಳು.

ಮರುವರ್ಷ ಅವನು ಮತ್ತೆ ಬಂದ. ಯರ್ರಮ್ಮ ಗೋಡೆಯ ಮೇಲಿಂದ ತಂಬೂರಿ ಇಳಿಸಿ, ತಂತಿಗಳು ಜೋತಾಡುವಂತೆ ಬಿರಡೆ ತಿರುವಿ ಕೊಟ್ಟಳು.

"ತಗಂಡು ಹೋಗು. ನನ್ನ ಕೈ ಬ್ಯಾಡಾದ್ಮೇಲೆ ಶ್ರುತಿನೂ ಬ್ಯಾಡ."

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಇಷ್ಟೇ ಸಾಕು ಎಂದು ನಕ್ಕು ಗುಡ್ಡಕ್ಕೆ ಒಯ್ದ, ಸಂಜೆಗೆ ತಂದು ಜಗುಲಿಯ ಮೇಲಿಟ್ಟು ಹೋದ.

ಆ ಎರಡನೆಯ ಸಲದ ಕ್ಯಾಲೆಂಡರು ಈಗ ನಮ್ಮ ಅಡುಗೆಮನೆಯಲ್ಲಿದೆ. ಹುಲ್ಲಿನ ನಡುವೆ ತಂಬೂರಿ, ಅದರ ತಂತಿಗಳು ನೆಟ್ಟಗೆ ಬಿಗಿದು ಮಿಂಚುತ್ತಿವೆ. ಯರ್ರಮ್ಮ ಬರುವ ಸದ್ದಾದರೆ ಅವ್ವ ಅದರ ಮೇಲೊಂದು ಟವೆಲ್ಲು ನೇತುಹಾಕುತ್ತಾಳೆ.