ಫೋನ್ ಮಾಡದೆ ಬರುವವರು

ಕಳೆದ ಆರು ತಿಂಗಳಲ್ಲಿ, ನನ್ನ ಮುದಿತನವನ್ನು ಎಲ್ಲಿ ಕಳೆಯಬೇಕೆಂದು ಏಳು ಜಾಗಗಳನ್ನು ನೋಡಿ ಬಂದಿದ್ದೇನೆ. ಏಳರಲ್ಲೂ ಒಂದೇ ಪ್ರಶ್ನೆ ಕೇಳಿದ್ದೇನೆ. ಏಳು ಸಲವೂ ನನ್ನ ಹೆಂಡತಿ ಸುಮತಿ, ಗೋಡೆಯ ಮೇಲಿನ ಚಿತ್ರದಲ್ಲಿ ಬಹಳ ಆಸಕ್ತಿ ಇರುವವಳಂತೆ ಆಚೆ ತಿರುಗಿಕೊಂಡಿದ್ದಾಳೆ.

ಈ ಜಾಗಗಳನ್ನು ವೃದ್ಧಾಶ್ರಮ ಎಂದು ತಿಳಿಯಬೇಡಿ. ಇಲ್ಲಿ ನ್ಯೂಜೆರ್ಸಿಯಲ್ಲಿ ಐವತ್ತೈದು ದಾಟಿದವರಿಗೆ ಮಾತ್ರ ಮನೆ ಕೊಡುವ ಬಡಾವಣೆಗಳು ಇವು. ಇಲ್ಲಿರುವವರಿಗೆ ಮುದುಕರು ಎನ್ನುವ ಹಾಗಿಲ್ಲ, 'ಆ್ಯಕ್ಟಿವ್ ಅಡಲ್ಟ್ಸ್' ಎನ್ನಬೇಕು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ನನ್ನನ್ನು ಒಬ್ಬರು ಆ್ಯಕ್ಟಿವ್ ಎಂದರು. ನಮ್ಮಮ್ಮ ಕೇಳಿಸಿಕೊಂಡಿದ್ದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಮನೆ ತೋರಿಸುವ ಹೆಂಗಸು ಕ್ಲಬ್‌ಹೌಸ್, ಈಜುಕೊಳ, ಪಿಕಲ್‌ಬಾಲ್ ಎಂಬ ಆಟದ ಅಂಗಳ, ಬಚ್ಚಲುಮನೆಯಲ್ಲಿ ಹಿಡಿದುಕೊಳ್ಳಲು ಸ್ಟೀಲ್ ಕಂಬಿ ಎಲ್ಲವನ್ನೂ ತೋರಿಸಿ, ಕೊನೆಗೆ ಏನಾದರೂ ಕೇಳುವುದಿದೆಯೇ ಎನ್ನುತ್ತಾಳೆ. ಆಗ ನಾನು ಗಂಟಲು ಸರಿಮಾಡಿಕೊಂಡು ಕೇಳುತ್ತೇನೆ: "ಯಾರಾದರೂ ಫೋನ್ ಮಾಡದೆ ನಮ್ಮನ್ನು ನೋಡಲು ಬಂದರೆ ಏನಾಗುತ್ತದೆ?"

ಪಾಪ, ಆಕೆ ನನಗೆ ಅದರ ಭಯ ಎಂದುಕೊಳ್ಳುತ್ತಾಳೆ. ಗೇಟಿನಲ್ಲಿ ಕಾವಲಿನವರಿದ್ದಾರೆ, ಬರುವವರ ಹೆಸರನ್ನು ನಾವು ಮೊದಲೇ ಆ್ಯಪ್‌ನಲ್ಲಿ ಹಾಕಿರಬೇಕು, ಅವರ ಫೋನಿಗೆ ಒಂದು ನಂಬರ್ ಹೋಗುತ್ತದೆ, ಅದನ್ನು ತೋರಿಸಿದರಷ್ಟೇ ಒಳಗೆ ಎಂದು ವಿವರಿಸುತ್ತಾಳೆ. ಆಮೇಲೆ ಸಮಾಧಾನದ ದನಿಯಲ್ಲಿ, "ಚಿಂತೆ ಬೇಡ, ಹಾಗೆ ಯಾರೂ ನಿಮ್ಮ ಬಾಗಿಲಿಗೆ ಬರಲಾರರು" ಎನ್ನುತ್ತಾಳೆ. ಏಳು ಜಾಗಗಳಲ್ಲಿ ಆರು ಕಡೆ ಈ ಅಭಯ ಸಿಕ್ಕಿದೆ. ಏಳನೆಯ ಕಡೆ ಗೇಟು ರಿಪೇರಿಯಲ್ಲಿತ್ತು, ಅದಕ್ಕಾಗಿ ಅವರು ಕ್ಷಮೆ ಕೇಳಿದರು.

ಹೇಳದೆ ಕೇಳದೆ ಜನ ಬರುವ ಮನೆಯಲ್ಲಿ ನಾನು ಬೆಳೆದೆ. ಮೈಸೂರಿನಲ್ಲಿ ನಮ್ಮ ಮನೆಯ ಮುಂಬಾಗಿಲು ಬೆಳಿಗ್ಗೆ ತೆರೆದರೆ ದೀಪ ಹಚ್ಚಿದ ಮೇಲೂ ತೆರೆದೇ ಇರುತ್ತಿತ್ತು. ಅಪ್ಪನ ಗೆಳೆಯರೊಬ್ಬರಿದ್ದರು, ಅಂಚೆ ಕಚೇರಿಯ ಗುಮಾಸ್ತರು. ದಿನವೂ ಸಂಜೆ ಐದೂಮುಕ್ಕಾಲಿಗೆ ಬರುತ್ತಿದ್ದರು. ಬಂದು, "ಹೀಗೇ ಈ ಕಡೆ ಬಂದಿದ್ದೆ" ಎನ್ನುತ್ತಿದ್ದರು. ಹದಿನೈದು ವರ್ಷ ಅದೇ ಹೊತ್ತಿಗೆ ಬಂದು ಅದೇ ಮಾತು. ಬೆತ್ತದ ಕುರ್ಚಿಯಲ್ಲಿ ಕೂತು ಬೆಳಗಿನ ಪೇಪರನ್ನೇ ಮತ್ತೆ ಓದುತ್ತಿದ್ದರು, ಕೇಳದೆ ಬಂದ ಕಾಫಿಯನ್ನು ಕುಡಿಯುತ್ತಿದ್ದರು, ಒಂದು ಗಂಟೆಯ ಮೇಲೆ "ಸರಿ ಹಾಗಾದ್ರೆ" ಎಂದು ಏಳುತ್ತಿದ್ದರು. ಅವರಿಬ್ಬರೂ ಏನು ಮಾತಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ ನನಗೆ ಒಂದು ವಾಕ್ಯವೂ ನೆನಪಿಲ್ಲ. ಆದರೆ ಒಂದು ದಿನ ಅವರು ಬರದಿದ್ದರೆ ಅಪ್ಪ ರಾತ್ರಿ ಊಟದಲ್ಲಿ ಅನ್ನ ಕಡಿಮೆ ಹಾಕಿಸಿಕೊಳ್ಳುತ್ತಿದ್ದರು.

ತಿಥಿ ಗೊತ್ತುಮಾಡದೆ ಬರುವವನೇ ಅತಿಥಿ ಎಂದು ನಮ್ಮ ಹೈಸ್ಕೂಲಿನ ಸಂಸ್ಕೃತದ ಮೇಷ್ಟರು ಹೇಳಿಕೊಟ್ಟಿದ್ದರು. ಪಂಡಿತರಿಗೆ ಇದರಲ್ಲಿ ತಕರಾರಿದ್ದೀತು. ನಾನು ಪಂಡಿತನಲ್ಲ, ಬ್ರಿಡ್ಜ್‌ವಾಟರ್‌ನ ಔಷಧದ ಕಂಪನಿಯೊಂದರಲ್ಲಿ ಕೂತು ಮೂವತ್ತು ವರ್ಷ ಮಾತ್ರೆ ಎಷ್ಟು ನಿಮಿಷಕ್ಕೆ ಕರಗುತ್ತದೆಂದು ನೋಡುತ್ತಿದ್ದವನು. ಆದರೂ ಮೇಷ್ಟರ ಲೆಕ್ಕ ಹಿಡಿದರೆ ನಮ್ಮ ನ್ಯೂಜೆರ್ಸಿಯಲ್ಲಿ ಅತಿಥಿಗಳೇ ಇಲ್ಲ. ಇಲ್ಲಿ ಮೂರು ವಾರ ಮೊದಲು ಆಹ್ವಾನ ಬರುತ್ತದೆ, ಯಾರು ಬಿಸಿಬೇಳೆಬಾತ್, ಯಾರು ಮೊಸರನ್ನ ತರಬೇಕೆಂದು ಪಟ್ಟಿ ಬರುತ್ತದೆ, ಹಿಂದಿನ ದಿನ ಜ್ಞಾಪನೆಯೂ ಬರುತ್ತದೆ. ನ್ಯೂಯಾರ್ಕಿನಲ್ಲಿ ಕೆಲಸ ಮಾಡುವ ನಮ್ಮ ಮಗಳು ಆಶಾ ತವರಿಗೆ ಬರುವುದಿದ್ದರೂ ನನ್ನ ಕ್ಯಾಲೆಂಡರಿಗೆ ಕಳಿಸುತ್ತಾಳೆ. ನಾನು 'ಆ್ಯಕ್ಸೆಪ್ಟ್' ಒತ್ತುತ್ತೇನೆ. ಹೇಳದೆ ಬೆಲ್ ಆದರೆ ನಾವಿಬ್ಬರೂ ಟಿವಿಯ ಸದ್ದು ತಗ್ಗಿಸಿ ಉಸಿರು ಬಿಗಿಹಿಡಿದು ಕೂರುತ್ತೇವೆ.

ಈ ಮಾತಿಗೆ ಹೊರತಾದವರು ಒಬ್ಬರೇ, ಮೂವತ್ತು ವರ್ಷದ ಗೆಳೆಯರು, ಧಾರವಾಡದ ಕುಲಕರ್ಣಿ. ಓಲ್ಡ್ ಬ್ರಿಡ್ಜ್‌ನಲ್ಲಿ ಮಗನ ಜೊತೆ ಇದ್ದಾರೆ. ಶನಿವಾರ ಬ್ರಿಡ್ಜ್‌ವಾಟರ್‌ನ ದೇವಸ್ಥಾನಕ್ಕೆ ಬಂದವರು ಅಲ್ಲಿಂದ ಸೀದಾ ನಮ್ಮ ಮನೆಗೆ ಬರುತ್ತಿದ್ದರು. ಬೆಲ್ಲಿನ ಕ್ಯಾಮೆರಾದಲ್ಲಿ ನಾವು ಅವರನ್ನು ನೋಡುತ್ತಿರುವುದು ಗೊತ್ತಿದ್ದೇ, "ಮಾರಿ ಏನ್ ನೋಡ್ತೀರ್ರೀ? ನಾನ ಇದ್ದೀನಿ, ಕದಾ ತಗೀರಿ" ಎನ್ನುತ್ತಿದ್ದರು. ಒಮ್ಮೆ ಸುಮತಿ, "ಒಂದು ಫೋನ್ ಮಾಡಿದ್ರೆ ಏನಾದ್ರೂ ಮಾಡಿಟ್ಟಿರ್ತಿದ್ದೆ" ಎಂದು ಮೆಲ್ಲಗೆ ಹೇಳಿ ನೋಡಿದಳು. "ಫೋನ್ ಮಾಡಿ ಬರ್ಲಿಕ್ಕೆ ನಾನೇನು ಪ್ಲಂಬರ್ ಏನ್ರೀ?" ಎಂದರು ಕುಲಕರ್ಣಿ.

ಆಗೆಲ್ಲ ನಾನು ಒಳಗೊಳಗೇ ಗೊಣಗಿದವನೇ. ಶನಿವಾರ ಮಧ್ಯಾಹ್ನದ ನಿದ್ದೆ ಹೋಯಿತೆಂದು ಅವರು ಹೋದಮೇಲೆ ಸುಮತಿಯ ಮುಂದೆ ದೂರಿದವನೇ. ಕಳೆದ ಅಕ್ಟೋಬರಿನಲ್ಲಿ ಕುಲಕರ್ಣಿ ತಮ್ಮದೇ ಮನೆಯ ಟಪಾಲು ಡಬ್ಬಿಗೆ ಕಾರು ಗುದ್ದಿದರು. ಕಣ್ಣಿನ ಡಾಕ್ಟರು ಇನ್ನು ಡ್ರೈವ್ ಮಾಡಬಾರದೆಂದರು, ಮಗ ಕೀಲಿ ತೆಗೆದುಕೊಂಡ. ಎಲ್ಲರೂ ಡ್ರೈವ್ ಮಾಡುವ ಈ ಸೀಮೆಯಲ್ಲಿ ಕೀಲಿ ಹೋದರೆ ಕಾಲು ಹೋದಂತೆಯೇ. ಅಂದಿನಿಂದ ನನ್ನ ಶನಿವಾರಗಳ ನಿದ್ದೆಗೆ ಯಾವ ಅಡ್ಡಿಯೂ ಇಲ್ಲ, ಮತ್ತು ನನಗೆ ನಿದ್ದೆ ಬರುವುದಿಲ್ಲ. ಫೋನಿನಲ್ಲಿ ಮಾತಾಡುತ್ತೇವೆ. ಆದರೆ ಫೋನಿನಲ್ಲಿ ಮಾತು ಇರಲೇಬೇಕು, ಸುಮ್ಮನೆ ಕೂರಲು ಬರುವುದಿಲ್ಲ. ಮಂಡಿ, ಸಕ್ಕರೆ, ಹವಾ ಮುಗಿದ ಮೇಲೆ "ಮತ್ತ?" "ಮತ್ತೇನಿಲ್ಲ" ಎಂದು ಇಡುತ್ತೇವೆ. ಅವರಿಲ್ಲದೆ ನನಗೆ ಬಹಳ ಬೇಜಾರು. ಇದನ್ನು ಅವರಿಗೆ ಹೇಳಿಲ್ಲ.

ನಮ್ಮ ಮನೆಯ ಮೆಟ್ಟಿಲು ನನ್ನ ಮಂಡಿಗೆ ಆಗದೆ, ಏಳು ಜಾಗಗಳನ್ನು ಸೋಸಿ ಎರಡಕ್ಕೆ ಇಳಿಸಿದೆವು. ಒಂದು ಮಾರಿಸ್‌ಟೌನ್‌ನಲ್ಲಿ. ಸೊಗಸಾದ ಕಟ್ಟಡ, ಲಿಫ್ಟಿದೆ, ಸ್ಟೇಷನ್ ಹತ್ತಿರ, ಆಶಾ ರೈಲಿನಲ್ಲಿ ಬಂದು ಇಳಿಯಬಹುದು. ಸುಮತಿಯ ಮನಸ್ಸು ಅಲ್ಲಿ. ಇನ್ನೊಂದು ಓಲ್ಡ್ ಬ್ರಿಡ್ಜ್‌ನಲ್ಲಿ. ಮೆಟ್ಟಿಲಿಲ್ಲದ ಸಾದಾ ಮನೆ, ಕ್ಲಬ್‌ಹೌಸಿನ ಕಾರ್ಪೆಟ್ಟಿಗೆ ಹಳೆಯ ವಾಸನೆ, ಆದರೆ ಗೇಟಿನಿಂದ ಕುಲಕರ್ಣಿಯವರ ಮನೆಗೆ ಹದಿನೈದು ನಿಮಿಷದ ನಡಿಗೆ. ನಾನು ಈ ಕೊನೆಯ ವಿಷಯ ಬಿಟ್ಟು ಬೇರೆ ನೂರು ಕಾರಣ ಹೇಳಿದೆ: ಬಿಸಿಲು ಚೆನ್ನಾಗಿದೆ, ದಿನಸಿ ಅಂಗಡಿ ಹತ್ತಿರ, ಇತ್ಯಾದಿ. ಆಶಾ ಫೋನಿನಲ್ಲಿ ಎಲ್ಲ ಕೇಳಿ, ನಾನು ಹೇಳದ ಕಾರಣವನ್ನೂ ಊಹಿಸಿ, "ಡ್ಯಾಡ್, ಯು ಡೋಂಟ್ ಈವನ್ ಲೈಕ್ ಪೀಪಲ್" ಎಂದಳು. ಮಗಳು ಹೇಳಿದ್ದು ಸುಳ್ಳಲ್ಲ.

ಸುಮತಿ ಮಾತ್ರ ಒಂದು ಮಂಗಳವಾರ ಬೆಳಿಗ್ಗೆ ಕಾಫಿ ಲೋಟ ನನ್ನ ಮುಂದಿಟ್ಟು ನೇರವಾಗಿ ಕೇಳಿದಳು. "ಮೂವತ್ತು ವರ್ಷದಲ್ಲಿ ನೀವು ಎಷ್ಟು ಸಲ ಹೇಳದೆ ಕುಲಕರ್ಣಿಯವರ ಮನೆಗೆ ಹೋಗಿದೀರಿ?"

ನಾನು ಯೋಚಿಸಿದೆ. ಒಮ್ಮೆಯೂ ಇಲ್ಲ. ಮನೆಯಲ್ಲಿದ್ದೀರಾ, ಬರಬಹುದಾ, ತೊಂದರೆ ಇಲ್ಲ ತಾನೆ ಎಂದು ಕೇಳದೆ ನಾನು ಅವರ ಹೊಸಿಲು ತುಳಿದವನಲ್ಲ. ಬರುವ ಕೆಲಸವನ್ನೆಲ್ಲ ಅವರಿಗೆ ಬಿಟ್ಟು, ಗೊಣಗುವ ಕೆಲಸವನ್ನು ನಾನು ಇಟ್ಟುಕೊಂಡಿದ್ದೆ. ಏಳು ಬಡಾವಣೆಗಳ ಗೇಟನ್ನು ಬೈದುಕೊಂಡು ತಿರುಗಿದವನು ನಾನೇ ಒಂದು ಗೇಟಾಗಿದ್ದೆ ಎನ್ನುವುದು ಆಗ ಹೊಳೆಯಿತು, ನಾಚಿಕೆಯೂ ಆಯಿತು.

"ಇವತ್ತೇ ಹೋಗಿ ನೋಡಿ. ಫೋನ್ ಮಾಡಬೇಡಿ" ಎಂದಳು ಸುಮತಿ.

ಹೊರಟೆ. ದಾರಿಯುದ್ದಕ್ಕೂ ಧೈರ್ಯವಾಗಿಯೇ ಇದ್ದೆ. ಅವರ ಮನೆಯೆದುರು ಕಾರು ನಿಲ್ಲಿಸಿದ ಮೇಲೆ ಧೈರ್ಯ ಹೋಯಿತು. ಮಲಗಿದ್ದರೆ? ಸ್ನಾನದಲ್ಲಿದ್ದರೆ? ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿರುತ್ತಾರೆ, ಬಾಗಿಲಿಗೆ ಓಡಿಬಂದು ಎಡವಿದರೆ? ಕೈ ತಾನಾಗಿ ಜೇಬಿಗೆ ಹೋಯಿತು. ಎರಡನೆಯ ರಿಂಗಿಗೇ ಎತ್ತಿದರು.

"ನಮಸ್ಕಾರ, ಮನೆಯಲ್ಲಿದ್ದೀರಾ?" ಎಂದೆ.

"ಇದ್ದೀನ್ರೀ. ಎಲ್ಲಿ ಹೋಗ್ಲಿ?" ಎಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಕಿಟಕಿ ಕಡೆ ಕೂತೀನಿ. ಹೊರಗ ಒಂದು ನೀಲಿ ಕಾರು ನಿಂತದ. ಕಣ್ಣು ಅಷ್ಟೇನೂ ಹೋಗಿಲ್ಲ ನಂದು. ಫೋನ್ ಇಡ್ರಿ. ಬಂದು ಕದಾ ಬಡೀರಿ."

ಇಟ್ಟೆ. ಹೋಗಿ ಬಾಗಿಲು ಬಡಿದೆ. ಒಳಗಿನಿಂದ ಕೋಲಿನ ಸದ್ದು ನಿಧಾನವಾಗಿ ಬಂತು. ಬಾಗಿಲು ತೆರೆದ ಕುಲಕರ್ಣಿ, ನನ್ನನ್ನು ಈ ಜನ್ಮದಲ್ಲಿ ನಿರೀಕ್ಷಿಸಿರಲಿಲ್ಲ ಎನ್ನುವಂತೆ ಎರಡೂ ಹುಬ್ಬು ಮೇಲೇರಿಸಿ, "ಅರೆ! ಹೇಳದ ಕೇಳದ ಬಂದೀರಲ್ರೀ!" ಎಂದರು. ಹುಬ್ಬು ಹಾಗೇ ಇತ್ತು, ಕಣ್ಣು ಒದ್ದೆಯಾಗಿತ್ತು.

"ಹೀಗೇ ಈ ಕಡೆ ಬಂದಿದ್ದೆ" ಎಂದೆ.

ಚಹಾ ಮಾಡಿದರು, ಸಕ್ಕರೆ ಮರೆತರು. ನಾನು ಅವರ ಮಗನ ಮನೆಯ ಯಾವುದೋ ಮ್ಯಾಗಜೀನು ತಿರುವಿ ಹಾಕಿದೆ. ಅವರು ಕಿಟಕಿಯಾಚೆ ನೋಡುತ್ತ ಕೂತರು. ಎರಡು ಗಂಟೆಯ ಮೇಲೆ "ಸರಿ ಹಾಗಾದ್ರೆ" ಎಂದು ಎದ್ದೆ.

ಮನೆಗೆ ಬಂದಾಗ ಸುಮತಿ ಊಟದ ಮೇಜಿನ ಮೇಲೆ ಎರಡು ಜಾಗಗಳ ಕಾಗದವನ್ನೂ ಹರಡಿಕೊಂಡು ಕೂತಿದ್ದಳು.

"ಏನು ಮಾತಾಡಿದ್ರಿ ಇಷ್ಟು ಹೊತ್ತು?"

"ಏನೂ ಇಲ್ಲ."

"ಏನೂ ಅಂದ್ರೆ?"

"ಏನೂ ಇಲ್ಲ ಕಣೇ. ಸುಮ್ಮನೆ ಕೂತಿದ್ವಿ."

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಮಾರಿಸ್‌ಟೌನ್‌ನ ಕಾಗದಗಳನ್ನು, ಲಿಫ್ಟಿನ ಚಿತ್ರವೂ ಸೇರಿದಂತೆ, ಒಟ್ಟುಮಾಡಿ ರದ್ದಿಯ ಬುಟ್ಟಿಗೆ ಹಾಕಿದಳು.

"ಆಶಾ?" ಎಂದೆ.

"ಓಲ್ಡ್ ಬ್ರಿಡ್ಜ್‌ಗೂ ನ್ಯೂಯಾರ್ಕಿಂದ ಬಸ್ ಇದೆ, ವಿಚಾರಿಸಿದೀನಿ. ಬರೋಳು ಬರ್ತಾಳೆ."

"ಅಲ್ಲೂ ಗೇಟಿದೆ. ಹೇಳದೆ ಯಾರೂ ಒಳಗೆ ಬರೋ ಹಾಗಿಲ್ಲ."

"ಒಳಗೆ ಬರೋರಿಗೆ ತಾನೆ?" ಎಂದಳು ಸುಮತಿ. "ಹೊರಗೆ ಹೋಗೋರನ್ನ ಯಾರು ಕೇಳ್ತಾರೆ? ಇನ್ನು ನೀವು ಹೋಗಿ."