ವಿಮಾನದಲ್ಲಿ ಹಾಜರಿ ಕೂಗಿದ ದಿನ

ನಾನು ನಿವೃತ್ತಳಾಗುವ ಹಿಂದಿನ ವರ್ಷದ ಮಾತು. ಹಿರಿಯೂರು ತಾಲ್ಲೂಕಿನಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದೆ. ಅದಕ್ಕೂ ಮುಂಚೆ ಹೊಳಲ್ಕೆರೆಯಲ್ಲಿ ಒಂಬತ್ತು ವರ್ಷ, ಹೊಸದುರ್ಗದಲ್ಲಿ ಹನ್ನೆರಡು ವರ್ಷ ಅದೇ ಕೆಲಸ ಮಾಡಿದ್ದೆ. ಮೇಲ್ವಿಚಾರಕಿ ಅಂದರೆ ಇಪ್ಪತ್ತೈದು ಕೇಂದ್ರಗಳನ್ನು ಸುತ್ತಿ, ಮಕ್ಕಳ ತೂಕ, ಮೊಟ್ಟೆ, ಹಾಜರಿ ಪಟ್ಟಿ ನೋಡಿ ಸಹಿ ಹಾಕುವವಳು. ಮಕ್ಕಳು ನನ್ನನ್ನು ದೊಡ್ಡ ಟೀಚರ್ ಅನ್ನುತ್ತಿದ್ದವು. ಕಾರ್ಯಕರ್ತೆಯರು ಬೆನ್ನ ಹಿಂದೆ ಏನನ್ನುತ್ತಿದ್ದರೋ ನನಗೆ ಗೊತ್ತಿಲ್ಲ. ಆ ವರ್ಷ ಫೆಬ್ರವರಿಯಲ್ಲಿ ಜೀವಮಾನದಲ್ಲೇ ಮೊದಲ ಸಲ ವಿಮಾನ ಹತ್ತಿದೆ, ಎರಡು ಮಕ್ಕಳನ್ನು ಕರೆದುಕೊಂಡು.

ದೊಡ್ಡವಳು ಬುಧನಿ, ಐದೂವರೆ ವರ್ಷ. ಚಿಕ್ಕವನು ಸೋಮ್ರಾ, ಮೂರು ತುಂಬಿತ್ತು. ನಮ್ಮ ಪಟ್ಟಿಯಲ್ಲಿ ಅವನು ಸೋಮ ಆಗಿದ್ದ. ಅವರ ಅಪ್ಪ ಅಮ್ಮ ಜಾರ್ಖಂಡದವರು, ರಾಂಚಿಯಿಂದಾಚೆ ಒಂದು ಹಳ್ಳಿ. ಹಿರಿಯೂರಿನ ಹತ್ತಿರ ತೆಂಗಿನ ನಾರಿನ ಫ್ಯಾಕ್ಟರಿಯಲ್ಲಿ ಮೂರು ವರ್ಷದಿಂದ ಕೆಲಸಕ್ಕಿದ್ದರು. ಬುಧನಿಗೆ ಅವರ ಮಾತು ಅಷ್ಟಿಷ್ಟು ಬರುತ್ತಿತ್ತು. ಸೋಮನಿಗೆ ಬರುತ್ತಿದ್ದದ್ದು ಹಿರಿಯೂರಿನ ಕನ್ನಡ ಒಂದೇ.

ಅದಕ್ಕೆ ಹಿಂದಿನ ಡಿಸೆಂಬರಿನ ಒಂದು ಬೆಳಿಗ್ಗೆ ಗಂಡ ಹೆಂಡತಿ ಮಕ್ಕಳನ್ನು ಅಂಗನವಾಡಿಯಲ್ಲಿ ಬಿಟ್ಟು, ಬೈಕಿನಲ್ಲಿ ಸಂತೆಗೆ ಹೊರಟರು. ಹೆದ್ದಾರಿ ದಾಟುವಾಗ ಲಾರಿ ಬಂತು. ಇಬ್ಬರೂ ಅಲ್ಲೇ ಹೋದರು. ನಾನು ಸುದ್ದಿ ಕೇಳಿ ಕೇಂದ್ರಕ್ಕೆ ಹೋದಾಗ ಮಕ್ಕಳು ಊಟ ಮಾಡಿ ಎದ್ದಿದ್ದವು. ಕಾರ್ಯಕರ್ತೆ ಲಕ್ಷ್ಮಕ್ಕನ ಕಣ್ಣು ಕೆಂಪಾಗಿತ್ತು. ಅಮ್ಮ ಯಾಕೆ ಇನ್ನೂ ಬಂದಿಲ್ಲ ಎಂದು ಬುಧನಿ ಕೇಳಿದಳು.

"ನಿಮ್ಮಪ್ಪ ಅಮ್ಮ ಊರಿಗೆ ಹೋಗ್ಯಾರೆ ಕಣೆ," ಅಂದಳು ಲಕ್ಷ್ಮಕ್ಕ.

ಹುಡುಗಿ ನನ್ನ ಕಡೆ ತಿರುಗಿದಳು. ದೊಡ್ಡ ಟೀಚರ್ ಹೇಳಿದರೆ ಮಾತು ಖಾತ್ರಿ. "ಹೂಂ ಕಣಮ್ಮ, ಊರಿಗೆ ಹೋಗ್ಯಾರೆ," ಅಂದೆ ನಾನೂ.

ಈ ಮಾತು ಎಲ್ಲಿಂದ ಬಂತು ಅನ್ನುವುದನ್ನು ಹೇಳಬೇಕು. ನಮ್ಮ ಕಡೆ ಕುರಿ ಸಾಕುವ ಮನೆಗಳು ಜಾಸ್ತಿ. ಸಂಕ್ರಾಂತಿ ಕಳೆದ ಮೇಲೆ ಹಿಂಡು ಹೊಡೆದುಕೊಂಡು ನೀರಾವರಿ ಸೀಮೆಗೆ ಹೋಗುತ್ತಾರೆ, ಮಕ್ಕಳೂ ಜೊತೆಗೆ. ಬೆಳಿಗ್ಗೆ ಹಾಜರಿ ಕೂಗಿದಾಗ ಒಂದು ಹೆಸರಿಗೆ ಉತ್ತರ ಬರದಿದ್ದರೆ ಉಳಿದ ಮಕ್ಕಳೆಲ್ಲ ಒಂದೇ ರಾಗದಲ್ಲಿ "ಊರಿಗೆ ಹೋಗ್ಯಾನೆ ಟೀಚರ್!" ಅನ್ನುತ್ತವೆ. ಕಾರ್ಯಕರ್ತೆ ಪಟ್ಟಿಯಲ್ಲಿ ಸೊನ್ನೆ ಸುತ್ತಿ, ಪಕ್ಕದಲ್ಲಿ 'ಊರಿಗೆ' ಅಂತ ಬರೆಯುತ್ತಾಳೆ. ಯಾವ ಊರು, ಎಷ್ಟು ದಿನ, ಯಾರೂ ಕೇಳುವುದಿಲ್ಲ. ಮಳೆ ಬಿದ್ದ ಮೇಲೆ ಆ ಮಗು ಮೈಯೆಲ್ಲ ಕುರಿ ವಾಸನೆ ಹೊತ್ತು ಬಂದು ತನ್ನ ಜಾಗದಲ್ಲಿ ಕೂತಿರುತ್ತದೆ. ಊರಿಗೆ ಹೋದವರು ಬಂದೇ ಬರುತ್ತಾರೆ, ಇದು ನಮ್ಮ ಕೇಂದ್ರಗಳಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ಅದಕ್ಕೇ ಆ ದಿನ ಆ ಮಾತು ನಮ್ಮ ಬಾಯಿಗೆ ಅಷ್ಟು ಸಲೀಸಾಗಿ ಬಂತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂದುಕೊಂಡೆ.

ಮಕ್ಕಳನ್ನು ಚಿತ್ರದುರ್ಗದ ಒಂದು ಪಾಲನಾ ಸಂಸ್ಥೆಯಲ್ಲಿ ಇಟ್ಟರು. ಊರಲ್ಲಿ ಅಜ್ಜಿ ಇದ್ದಾಳೆ, ಸಾಕುತ್ತಾಳೆ ಎಂದು ಖಚಿತವಾಗಲು ಎರಡು ತಿಂಗಳು ಹಿಡಿಯಿತು. ಆಮೇಲೆ ಮಕ್ಕಳ ಕಲ್ಯಾಣ ಸಮಿತಿ ರೆಸ್ಟೊರೇಷನ್ ಆದೇಶ ಮಾಡಿತು. ರೆಸ್ಟೊರೇಷನ್ ಅಂದರೆ ಮಗುವನ್ನು ಅದರ ಕುಟುಂಬಕ್ಕೆ ಮರಳಿ ಒಪ್ಪಿಸುವುದು. ರೈಲಾದರೆ ಎರಡು ದಿನದ ಮೇಲೆ. ಫ್ಯಾಕ್ಟರಿ ಮಾಲೀಕರು ವಿಮಾನದ ಟಿಕೆಟ್ ತೆಗೆಸಿಕೊಟ್ಟರು. ಮಕ್ಕಳಿಗೆ ಗುರುತಿನವರು ಜೊತೆಗೆ ಬೇಕು ಅಂದದ್ದರಿಂದ ನನ್ನನ್ನು, ಬೆಂಗಾವಲಿಗೆ ಅಂತ ಮಂಜುಳಾ ಎಂಬ ಮಹಿಳಾ ಪೊಲೀಸ್ ಪೇದೆಯನ್ನು ಕಳಿಸಿದರು. ಈ ಎರಡು ತಿಂಗಳಲ್ಲಿ ಮಕ್ಕಳಿಗೆ ನಿಜವನ್ನು ಯಾರಾದರೂ ಹೇಳಿದ್ದಾರಾ ಎಂದು ನಾನು ವಿಚಾರಿಸಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ಹೇಳಿರುತ್ತಾರೆ ಅಂದುಕೊಂಡಿದ್ದೆವು. ನಾನಂತೂ ಅಂದುಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ನನ್ನೊಳಗೆ ಏನೂ ಉಳಿದಿರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಎಷ್ಟೋ ಮಕ್ಕಳ ತೂಕ ಇಳಿಯುವುದನ್ನು ಪಟ್ಟಿಯಲ್ಲಿ ಬರೆದಿದ್ದೆ. ಕೆಲವು ಹೆಸರಿಗೆ ಕೆಂಪು ಗೆರೆಯನ್ನೂ ಎಳೆದಿದ್ದೆ. ಮೊದಮೊದಲು ಮನೆಗೆ ಬಂದು ಅಳುತ್ತಿದ್ದೆ. ಆಮೇಲೆ ಅದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಈ ಪ್ರಯಾಣವೂ ನನಗೆ ಒಂದು ಡ್ಯೂಟಿ. ಎರಡು ಗಂಟೆ ಮೂವತ್ತೈದು ನಿಮಿಷ ಎರಡು ಮಕ್ಕಳು ಕಿರುಚದಂತೆ ನೋಡಿಕೊಂಡರೆ ಮುಗಿಯಿತು.

ಅದಕ್ಕೆ ತಯಾರಿಯನ್ನೇನೋ ಚೆನ್ನಾಗಿಯೇ ಮಾಡಿಕೊಂಡಿದ್ದೆ. ಚೀಲದಲ್ಲಿ ಮಂಡಕ್ಕಿ, ಶೇಂಗಾ ಚಿಕ್ಕಿ, ಹುಣಸೆ ಬೀಜ, ಬಣ್ಣದ ಪೆನ್ಸಿಲ್, ಒದ್ದೆ ಬಟ್ಟೆಯಲ್ಲಿ ಸುತ್ತಿದ ಕೆರೆ ಮಣ್ಣಿನ ಉಂಡೆ. ಜೀಪು ಹಿರಿಯೂರು ದಾಟುವಾಗ ಬುಧನಿ ಕಿಟಕಿಗೆ ಮುಖ ಒತ್ತಿ "ಟೀಚರ್, ನಮ್ ಫ್ಯಾಕ್ಟ್ರಿ ದಾರಿ!" ಅಂದಳು. ಲಾರಿ ಬಂದಿದ್ದೂ ಅದೇ ಜಾಗದಲ್ಲಿ. ನಾನು ಮಂಡಕ್ಕಿ ಪೊಟ್ಟಣ ಬಿಚ್ಚಿಕೊಟ್ಟೆ.

ಬೆಂಗಳೂರಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಮಣ್ಣಿನ ಉಂಡೆ ಸಿಕ್ಕಿಬಿತ್ತು. ಏನಿದು ಅಂದರು. ಮಣ್ಣು ಅಂದೆ. ಯಾಕೆ ಅಂದರು. "ಆನೆ ಮಾಡೋಕೆ ಸಾರ್," ಎಂದು ಸೋಮ ಕನ್ನಡದಲ್ಲಿ ವಿವರಿಸಿದ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಉಂಡೆ ಅಲ್ಲೇ ಉಳಿಯಿತು, ಬಟ್ಟೆ ಮಾತ್ರ ಚೀಲಕ್ಕೆ ಮರಳಿತು.

ಒಂದೇ ಸಾಲಿನ ಮೂರು ಸೀಟು ನಮ್ಮವು: ಕಿಟಕಿಗೆ ಸೋಮ, ನಡುವೆ ಬುಧನಿ, ಈಚೆಗೆ ನಾನು. ಓಡಾಡುವ ದಾರಿಯ ಆಚೆ ಮಂಜುಳಾ. ಅವಳಿಗೂ ಮೊದಲ ವಿಮಾನ. ಏಳುವಾಗ ಅವಳು ಕಣ್ಣು ಮುಚ್ಚಿ ಮನೆದೇವರನ್ನು ಕರೆಯುತ್ತಿದ್ದಳು, ಮಕ್ಕಳು ಕಿವಿ ನೋಯದಿರಲೆಂದು ನಾನು ಕೊಟ್ಟ ಚಿಕ್ಕಿ ಅಗಿಯುತ್ತಿದ್ದವು. ಮೋಡದ ಮೇಲೆ ಬಂದಾಗ ಸೋಮ "ಅಕ್ಕಾ, ನಾರು!" ಅಂತ ಕೂಗಿದ. ಫ್ಯಾಕ್ಟರಿ ಅಂಗಳದಲ್ಲಿ ಒಣಹಾಕಿದ ನಾರಿನ ಗುಡ್ಡೆ ಬಿಟ್ಟರೆ ಅಂಥದ್ದನ್ನು ಅವನು ನೋಡಿರಲಿಲ್ಲ.

ಮೊದಲ ಅರ್ಧ ಗಂಟೆ ಹುಣಸೆ ಬೀಜದಲ್ಲಿ ಸರಿ ಬೆಸ ಆಡಿಸಿದೆ. ಸೋಮ ಒಂದು ಬೀಜವನ್ನು ಮೂಗಿನ ಹತ್ತಿರ ಒಯ್ದ ಕೂಡಲೇ ಎಲ್ಲವನ್ನೂ ಒಳಗಿಟ್ಟೆ. ಆಮೇಲೆ ಕೈ ಬಳಸಿ ಅಭಿನಯ ಗೀತೆ. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು, ಅದೂ ನಿಂತಿತು. ಆಮೇಲೆ ಒಂದು ನರಿ ಕಥೆ. ಕಥೆ ಮುಗಿದಾಗ ಗಡಿಯಾರ ನೋಡಿದರೆ ಇನ್ನೂ ಒಂದು ಗಂಟೆ ಹತ್ತು ನಿಮಿಷ ಇತ್ತು. ನನ್ನ ಸರಕು ಖಾಲಿಯಾಗಿತ್ತು.

"ಟೀಚರ್, ಅಂಗನವಾಡಿ ಆಟ ಆಡಾಣ," ಅಂದಳು ಬುಧನಿ. "ನಾನು ಟೀಚರ್."

ಮುಂದಿನ ಸೀಟಿನ ಹಿಂಬದಿಯ ಹಲಗೆ ಇಳಿಸಿಕೊಟ್ಟೆ, ಮೇಜಾಯಿತು. ಅಲ್ಲೇ ಸಿಕ್ಕಿಸಿದ್ದ ಪುಸ್ತಕ ಹಾಜರಿ ಪಟ್ಟಿ ಆಯಿತು. ಅವಳು ಲಕ್ಷ್ಮಕ್ಕನ ಹಾಗೆಯೇ ಪೆನ್ಸಿಲ್ ತುದಿ ನಾಲಿಗೆಗೆ ಮುಟ್ಟಿಸಿ ಶುರು ಮಾಡಿದಳು.

"ಸೋಮ?"

"ಬಂದೀನಿ ಟೀಚರ್!"

"ದೊಡ್ಡ ಟೀಚರ್?"

"ಬಂದೀನಿ ಟೀಚರ್," ಅಂದೆ.

"ಪೊಲೀಸ್ ಆಂಟಿ?" ಮಂಜುಳಾ ಆಚೆಯಿಂದ ಕೈ ಎತ್ತಿದಳು. ಒಬ್ಬೊಬ್ಬರಿಗೂ ಒಂದೊಂದು ಗೀಟು ಬಿತ್ತು.

"ಅಪ್ಪ?"

ಸೋಮ ಒಂದು ಗಳಿಗೆಯೂ ತಡಮಾಡಲಿಲ್ಲ. "ಊರಿಗೆ ಹೋಗ್ಯಾನೆ ಟೀಚರ್!"

"ಅಮ್ಮ?"

"ಊರಿಗೆ ಹೋಗ್ಯಾಳೆ ಟೀಚರ್!"

ಬುಧನಿ ಎರಡು ಸೊನ್ನೆ ಸುತ್ತಿದಳು. ಆಮೇಲೆ ನನ್ನ ಕಡೆ ವಾಲಿ, ಆಟದ ದನಿ ಬಿಟ್ಟು, ಗುಟ್ಟು ಹೇಳುವಂತೆ ಕೇಳಿದಳು. "ಇದು ನಮ್ಮೂರಿಗೇ ಅಲ್ವಾ ಟೀಚರ್ ಹೋಗೋದು? ಇಳಿದ ಮ್ಯಾಲೆ ಅವರದ್ದೂ ಗೀಟು ಹಾಕ್ತೀನಿ."

ಎರಡು ತಿಂಗಳು ಈ ಹುಡುಗಿ ಯಾಕೆ ಅಳಲಿಲ್ಲ, ಯಾಕೆ ಹಟ ಮಾಡಲಿಲ್ಲ ಅನ್ನುವುದು ಆಗ ನನಗೆ ಅರ್ಥವಾಯಿತು. ನಾವೆಲ್ಲ ಅದನ್ನು ಜಾಣತನ ಅಂತ ಹೊಗಳಿದ್ದೆವು. ಅವಳು ಕಾಯುತ್ತಿದ್ದಳು. ಆಗಲಾದರೂ ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಇಳಿಯಲು ಇನ್ನೂ ಐವತ್ತು ನಿಮಿಷ ಇದೆ ಎಂದು ಲೆಕ್ಕ ಹಾಕಿದೆ. ನನಗೆ ಭಯವಾದದ್ದು ನನ್ನ ಬಗ್ಗೆಯೇ.

ದಾರಿಯ ಆಚೆಗೆ ಬಗ್ಗಿ ಮಂಜುಳಾಗೆ ವಿಷಯ ಹೇಳಿದೆ. "ಈಗ್ಯಾಕ್ರಿ ಮೇಡಂ? ಇಳಿಲಿ ಬಿಡ್ರಿ. ಅಜ್ಜಿ ನೋಡ್ಕಂತಾಳೆ," ಅಂದಳು. ತಪ್ಪು ಮಾತೇನಲ್ಲ. ಸುಮ್ಮನಿದ್ದರೆ ನನ್ನ ಡ್ಯೂಟಿ ಗಲಾಟೆಯಿಲ್ಲದೆ ಮುಗಿಯುತ್ತಿತ್ತು. ಆದರೆ ಅಜ್ಜಿಯ ಮಾತು ಸೋಮನಿಗೆ ತಿಳಿಯದು. ಅದಕ್ಕಿಂತ ಹೆಚ್ಚಾಗಿ, ಬಾಗಿಲಾಚೆ ನಿಂತ ಜನರಲ್ಲಿ ಈ ಹುಡುಗಿ ಒಂದೊಂದೇ ಮುಖ ನೋಡುತ್ತಾ ಹೋಗುತ್ತಾಳೆ. ಮಾತು ಕೊಟ್ಟವಳು ನಾನು. ಅದನ್ನು ಹಿಂದಕ್ಕೆ ತಗೊಳ್ಳಬೇಕಾದವಳೂ ನಾನೇ.

"ಬುಧನಿ," ಅಂದೆ. "ಅವತ್ತು ನಾನು ಸುಳ್ಳು ಹೇಳಿದೆ ಕಣಮ್ಮ. ಅಪ್ಪ ಅಮ್ಮ ಊರಿಗೆ ಹೋಗಿಲ್ಲ. ಲಾರಿ ಹೊಡೀತು. ಸತ್ತುಹೋದ್ರು."

ಅವಳು ಪೆನ್ಸಿಲ್ ಕೆಳಗಿಟ್ಟಳು. "ಲಕ್ಷ್ಮಕ್ಕನ ಕೋಳಿ ಸತ್ತೋತಲ್ಲ, ಹಂಗಾ?"

"ಹೂಂ."

"ಅದುನ್ನ ಹೂತ್ರು."

"ಇವರನ್ನೂ ಹಿರಿಯೂರಾಗೇ ಹೂತಿದೀವಿ."

"ಬರಲ್ವಾ?"

"ಬರಲ್ಲ."

ಅಳುತ್ತಾಳೆ ಎಂದು ಸೆರಗು ಕೈಯಲ್ಲಿ ಹಿಡಿದುಕೊಂಡಿದ್ದೆ. ಅವಳು ಅಳಲಿಲ್ಲ. "ಹಂಗಾರೆ ಪಟ್ಟಿಯಾಗೆ ಏನ್ ಬರೀಲಿ ಟೀಚರ್?" ಅಂದಳು.

ಇಷ್ಟು ವರ್ಷ ಪಟ್ಟಿ ತಿದ್ದಿದವಳು ನಾನು. ಯಾವ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ತಾಲ್ಲೂಕಿಗೆಲ್ಲ ತರಬೇತಿ ಕೊಟ್ಟವಳು. ಪೆನ್ಸಿಲ್ ತಗೊಂಡೆ, ಏನೂ ಬರೆಯದೆ ಹಿಂದಕ್ಕೆ ಇಟ್ಟೆ. ಅವಳೇ ಬೆರಳಿಗೆ ಎಂಜಲು ಹಚ್ಚಿಕೊಂಡು ಆ ಎರಡು ಸೊನ್ನೆಗಳನ್ನು ಉಜ್ಜತೊಡಗಿದಳು. ಕಾಗದ ಕಪ್ಪಾಯಿತು, ಆಮೇಲೆ ತೂತಾಯಿತು. ಆಮೇಲೆ ಪುಸ್ತಕ ಮುಚ್ಚಿ ನನ್ನ ತೋಳಿಗೆ ತಲೆ ಇಟ್ಟಳು. ಸೋಮ ಆಗಲೇ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದ. ಉಳಿದ ದಾರಿಯಲ್ಲಿ ಯಾರನ್ನೂ ಆಡಿಸುವ ಕೆಲಸ ನನಗೆ ಬೀಳಲಿಲ್ಲ.

ರಾಂಚಿಯಲ್ಲಿ ಹೊರಬಾಗಿಲಾಚೆ ಬಹಳ ಜನ ಇದ್ದರು. ಎಚ್ಚರವಾದ ಸೋಮ ನನ್ನ ಸೊಂಟದ ಮೇಲಿಂದಲೇ ಕತ್ತು ಉದ್ದ ಮಾಡಿ ಅತ್ತ ಇತ್ತ ನೋಡತೊಡಗಿದ. ಬುಧನಿ ಅವನ ಕಾಲು ಹಿಡಿದು ಎಳೆದಳು. "ಹುಡುಕಬ್ಯಾಡಲೇ. ಅವರು ಇಲ್ಲಿಲ್ಲ," ಅಂದಳು. ಅವಳು ನೆಲ ನೋಡಿಕೊಂಡು ನಡೆಯುತ್ತಿದ್ದಳು.

ಅಜ್ಜಿ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು, ಪಕ್ಕದಲ್ಲಿ ಅಲ್ಲಿನ ಅಧಿಕಾರಿ. ನಮ್ಮನ್ನು ನೋಡಿ ಎದ್ದು ನಿಂತಳು. ಮೊಮ್ಮಗನನ್ನು ಅವಳು ಕೈಗೂಸಾಗಿದ್ದಾಗ ನೋಡಿದ್ದಷ್ಟೆ. ಇವನೇ ಹೌದೋ ಅಲ್ಲವೋ ಎಂಬಂತೆ ಮೆಲ್ಲಗೆ ಕರೆದಳು.

"ಸೋಮ್ರಾ?"

"ಬಂದೀನಿ ಟೀಚರ್!" ಅಂದ ಅವನು.

ಕಾಗದಕ್ಕೆ ಸಹಿ ಹಾಕಿಸಿಕೊಂಡೆ, ಮಕ್ಕಳನ್ನು ಒಪ್ಪಿಸಿದೆ. ಮಾರನೆಯ ದಿನ ವಾಪಸ್ಸು ಬಂದೆ. ಮನೆಯಲ್ಲಿ ಚೀಲ ಬರಿದು ಮಾಡುವಾಗ ಮಣ್ಣು ಸುತ್ತಿದ್ದ ಬಟ್ಟೆ ಸಿಕ್ಕಿತು, ಇನ್ನೂ ತುಸು ಒದ್ದೆಯಾಗಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತೆ. ಎಷ್ಟೋ ವರ್ಷದ ಮೇಲೆ ಅಳು ಬಂತು, ಅದೂ ಸ್ವಲ್ಪವೇ.

ಉಳಿದಿದ್ದ ಒಂದು ವರ್ಷದಲ್ಲಿ ನಾನು ಒಂದೇ ಒಂದು ಬದಲಾವಣೆ ಮಾಡಿದೆ. ನನ್ನ ಕೇಂದ್ರಗಳ ಪಟ್ಟಿಯಲ್ಲಿ 'ಊರಿಗೆ' ಎಂದು ಬರೆದಿದ್ದರೆ ಸಹಿ ಹಾಕುತ್ತಿರಲಿಲ್ಲ. ಯಾವ ಊರು, ಯಾವಾಗ ಬರುತ್ತಾರೆ, ಅದನ್ನು ಬರೆಯಿರಿ, ಬರುವುದಿಲ್ಲವಾದರೆ ಬರುವುದಿಲ್ಲ ಎಂದು ಬರೆಯಿರಿ ಅನ್ನುತ್ತಿದ್ದೆ. ಮೇಡಂಗೆ ವಯಸ್ಸಾಯಿತು ಎಂದು ಕಾರ್ಯಕರ್ತೆಯರು ಗೊಣಗಿದರು. ಇರಬಹುದು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೆ: ಮಗು ಅಳಬಾರದು ಎಂದು ನಾವು ಹೇಳುವ ಸುಳ್ಳನ್ನು ಮಗು ನೆಚ್ಚಿಕೊಂಡು ಕೂತಿರುತ್ತದೆ. ನಾವು ಮರೆತರೂ ಅದು ದಿನಾ ಆ ಹೆಸರು ಕೂಗುತ್ತಿರುತ್ತದೆ.