ಅಂಬುಜಕ್ಕ ಹೊಡೆದುಹಾಕಿದ ಸಾಲು

ಶನಿವಾರ ಬೆಳಿಗ್ಗೆ, ಪರದೇಶದಲ್ಲಿ ನಾವು ನೆಲೆಸಿರುವ ಪಾಪಕುರಾ ಎಂಬ ಊರಿನ ಲೈಬ್ರರಿಯಲ್ಲಿ ಒಂದು ಮೇಜಿನ ಹಿಂದೆ ನಾನೂ ಅಂಬುಜಕ್ಕನೂ ಕೂರುತ್ತಿದ್ದೆವು. ಇಬ್ಬರೂ ಜೆ.ಪಿ.ಗಳು, ಅಂದರೆ ಜಸ್ಟೀಸ್ ಆಫ್ ದ ಪೀಸ್. ಹೆಸರು ಕೇಳಿ ಮೈಸೂರಿನ ನಮ್ಮ ಬಂಧುಗಳು ನನ್ನನ್ನು ಜಡ್ಜ್ ಅಂದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ಕೆಲಸ ಮಾತ್ರ ಇಷ್ಟೇ: ಜನ ತಮ್ಮ ಕಾಗದಕ್ಕೆ ನಮ್ಮೆದುರು ಸಹಿ ಹಾಕುತ್ತಾರೆ, ನಾವು ಸಾಕ್ಷಿ ಹಾಕಿ ಸ್ಟ್ಯಾಂಪ್ ಒತ್ತುತ್ತೇವೆ. ಸಲಹೆ ಕೊಡುವಂತಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಬೇಕು: ಇದರಲ್ಲಿ ಬರೆದಿರುವುದು ನಿಜವೇ?

ನಾನು ಸ್ಟ್ಯಾಂಪ್ ಹುಡುಕುತ್ತಲೇ ಅದನ್ನು ಕೇಳಿ ಮುಗಿಸುತ್ತಿದ್ದೆ. ಅಂಬುಜಕ್ಕ ಹಾಗಲ್ಲ. ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಎದುರಿನವರ ಮುಖ ನೋಡಿ ಕೇಳಬೇಕು. ಅವರ ಸಾಲು ಯಾವಾಗಲೂ ಉದ್ದ. ನನಗೆ ರೇಗುತ್ತಿತ್ತು. ಆರು ವರ್ಷದಲ್ಲಿ ಒಬ್ಬರೂ ‘ಇಲ್ಲ’ ಅಂದದ್ದಿಲ್ಲ, ಮತ್ತೇಕೆ ಈ ವೈಭವ?

ರಾಯಚೂರು ಕಡೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು ಅವರು. ಗಂಡನ ಜೊತೆ ಇಲ್ಲಿಗೆ ಬಂದು ಇಪ್ಪತ್ತು ವರ್ಷ ಒಂದು ಶಾಲೆಯ ಆಫೀಸಿನಲ್ಲಿ ದುಡಿದು ನಿವೃತ್ತರಾದರು. ಅರವತ್ತೆರಡಕ್ಕೇ ಮಂಡಿ ಕೈಕೊಟ್ಟಿತ್ತು. “ಯಾಕಕ್ಕ, ಮನೇಲಿ ಆರಾಮಾಗಿರಬಾರದಾ?” ಅಂದರೆ, “ಮನ್ಯಾಗ ಕೂತ್ರ ಇನ್ನೂ ಸಾಕಾಗ್ತದಪ್ಪ” ಅನ್ನುತ್ತಿದ್ದರು. ಯಾವುದರಿಂದ ಸಾಕಾಗುತ್ತದೆ ಎಂದು ನಾನು ಕೇಳಲಿಲ್ಲ.

೨೦೧೬ರ ಜೂನ್‌ನ ಒಂದು ಶನಿವಾರ, ನಲವತ್ತು ದಾಟಿದ ಒಬ್ಬ ಮನುಷ್ಯ ಅವರೆದುರು ಬಂದು ಕುಳಿತ. ಅವನ ಹೆಸರನ್ನೂ ದೇಶವನ್ನೂ ಬರೆಯುವುದಿಲ್ಲ. ಅವನ ತಾಯಿ ಇನ್ನೂ ಅಲ್ಲೇ ಇದ್ದಾಳೆ. ಅಲ್ಲಿ ಸೇನೆಯೇ ಸರ್ಕಾರ ನಡೆಸುತ್ತಿದ್ದ ಕಾಲದಲ್ಲಿ ಅವನು ಸೈನಿಕ, ಟ್ರಕ್ ಡ್ರೈವರ್. ಇಲ್ಲಿ ಹೆಂಡತಿ ಮಗಳ ಜೊತೆ ನೆಲೆಸಲು ರೆಸಿಡೆನ್ಸಿ, ಅಂದರೆ ಕಾಯಂ ವಾಸದ ಪರವಾನಗಿ, ಬೇಕಿತ್ತು. ಅದಕ್ಕೆ ಸೇನೆಯಲ್ಲಿ ಏನು ಮಾಡಿದೆ ಎಂಬ ಡಿಕ್ಲರೇಷನ್ ಕೊಡಬೇಕು. ವಕೀಲರು ಬರೆದುಕೊಟ್ಟಿದ್ದರು, ಅವನು ಸಹಿ ಹಾಕಿದರೆ ಮುಗಿಯಿತು.

ಅಂಬುಜಕ್ಕ ಕನ್ನಡಕ ತೆಗೆದು ಕೇಳಿದರು. ಅವನು ಒಂದು ಸಾಲಿನ ಮೇಲೆ ಬೆರಳಿಟ್ಟು, ಇದೊಂದು ನಿಜವಲ್ಲ ಅಂದ. ‘ಟ್ರಕ್ಕಿನಲ್ಲಿ ಯಾರಿದ್ದರೆಂದು ನನಗೆ ಗೊತ್ತಿರಲಿಲ್ಲ’ ಎಂಬ ಸಾಲು ಅದು.

ನಾನು ಮೇಜಿನ ಕೆಳಗೆ ಅಕ್ಕನ ಕಾಲು ತಟ್ಟಿದೆ. “ನಮಗ್ಯಾಕೆ ಅಕ್ಕ? ಒತ್ತಿ ಕಳಿಸಿ” ಎಂದು ಕನ್ನಡದಲ್ಲಿ ಪಿಸುಗುಟ್ಟಿದೆ. ಅವರು ನನ್ನತ್ತ ತಿರುಗಲೂ ಇಲ್ಲ.

ಅವನು ಹೇಳುತ್ತಾ ಹೋದ. ಟ್ರಕ್ಕಿನ ಹಿಂಭಾಗದಲ್ಲಿ ಬಂಧಿಗಳಿದ್ದರು, ತಗಡು ಬಡಿಯುತ್ತಿದ್ದರು. ನೀರು ಕೇಳಿದ ಒಂದು ದನಿ ಅವನಿಗೆ ಲೆಕ್ಕ ಕಲಿಸಿದ ಮೇಷ್ಟ್ರದು. ಆಗ ಅವನಿಗೆ ಇಪ್ಪತ್ತೆರಡು. ನಿಲ್ಲಿಸಬೇಡ ಎಂದು ಆಜ್ಞೆಯಾಗಿತ್ತು, ನಿಲ್ಲಿಸಲಿಲ್ಲ. ಮೇಷ್ಟ್ರು ಮನೆಗೆ ಮರಳಲಿಲ್ಲ. “ನನ್ನ ಜಾಗದಲ್ಲಿ ನೀವಿದ್ದಿದ್ದರೆ ನಿಲ್ಲಿಸುತ್ತಿದ್ದಿರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದ. ಜಗಳದ ದನಿಯಲ್ಲ, ನಿಜವಾಗಿಯೂ ಉತ್ತರ ಬೇಕಿತ್ತು ಅವನಿಗೆ.

ಅಂಬುಜಕ್ಕ ಕನ್ನಡಕ ಹಾಕಿಕೊಂಡರು. ಸಲಹೆ ಕೊಡುವಂತಿಲ್ಲ ಅಂದರು. ನಿಜವಲ್ಲವೆಂದು ನೀವೇ ಹೇಳಿದ ಮೇಲೆ ಸಾಕ್ಷಿ ಹಾಕುವಂತೆಯೂ ಇಲ್ಲ ಅಂದರು.

ಅವನು ಕಾಗದ ಎತ್ತಿಕೊಂಡು ಹೋಗಿ ಬೇರೆ ಯಾರ ಹತ್ತಿರವಾದರೂ ಸಹಿ ಹಾಕಿಸಬಹುದಿತ್ತು. ಪಕ್ಕದಲ್ಲೇ ನಾನಿದ್ದೆ. ಅವನು ಪೆನ್ನು ಕೇಳಿದ. ಆ ಸಾಲನ್ನು ಹೊಡೆದುಹಾಕಿ, ‘ಗೊತ್ತಿತ್ತು’ ಎಂದು ಮೇಲೆ ಬರೆದ. ತಿದ್ದಿದ ಜಾಗದಲ್ಲಿ ಬರೆದವರೂ ಸಾಕ್ಷಿಯೂ ಸಣ್ಣ ಸಹಿ ಹಾಕಬೇಕೆಂಬುದು ನಿಯಮ, ಇಬ್ಬರೂ ಹಾಕಿದರು. ಅವನಿಗೆ ರೆಸಿಡೆನ್ಸಿ ಸಿಕ್ಕಿತೋ ಇಲ್ಲವೋ ನಮಗೆ ತಿಳಿಯಲಿಲ್ಲ.

ಮುಂದಿನ ಶನಿವಾರ ಅಂಬುಜಕ್ಕ ತಮ್ಮ ಕುರ್ಚಿಗೆ ಬರಲಿಲ್ಲ. ಸಾಲಿನಲ್ಲಿ ನಿಂತು, ಸರದಿ ಬಂದಾಗ ನನ್ನೆದುರು ಕುಳಿತರು. ಕೈಯಲ್ಲಿ ಕನ್ನಡದಲ್ಲಿ ಬರೆದ ಒಂದು ಹಾಳೆ.

“ಏನಕ್ಕ ಇದು?”

“ನನ್ನ ಸಹಿಗೆ ನಾನೇ ಸಾಕ್ಷಿ ಹಾಕಾಕ ಬರೂದಿಲ್ಲಲ್ಲ. ಓದು.”

ಓದಿದೆ. ಎಮರ್ಜೆನ್ಸಿ ಕಾಲ. ಕುಟುಂಬ ಯೋಜನೆಯ ಆಪರೇಷನ್ ಕ್ಯಾಂಪಿಗೆ ಕಳಿಸುವವರ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆ ಬಿತ್ತು. ಕಚೇರಿಗೆ ಕುಡಿಯುವ ನೀರು ತರುತ್ತಿದ್ದ ಹನುಮೇಶನ ಹೆಸರು ಸೇರಿಸಲು ಸಾಹೇಬರು ಹೇಳಿದರು. ಅವನಿಗೆ ಮದುವೆಯಾಗಿ ಎರಡು ತಿಂಗಳು. ಆ ಮದುವೆಯ ಊಟಕ್ಕೆ ಹೋಗಿದ್ದವಳು ಅವಳು, ಅಂಬುಜಾ. ‘ಮಕ್ಕಳು’ ಎಂಬ ಕಡೆ ಮೂರು ಎಂದು ಟೈಪ್ ಮಾಡಿದವಳೂ ಅವಳೇ. ಆಮೇಲೆ ಆರು ವರ್ಷ ಅವನು ತಂದ ನೀರನ್ನೇ ಕುಡಿದಳು. ಅವನಿಗೆ ಮಕ್ಕಳಾಗಲಿಲ್ಲ. ಪಟ್ಟಿ ಟೈಪ್ ಮಾಡಿದ್ದು ಯಾರೆಂದು ಅವನಿಗೆ ಸಾಯುವವರೆಗೂ ತಿಳಿಯಲಿಲ್ಲ.

ನಾನು ಹಾಳೆಯನ್ನು ಮೇಜಿನ ಮೇಲಿಟ್ಟೆ. “ನೀವು ಬರೀ ಟೈಪಿಸ್ಟ್ ಅಕ್ಕ. ಸಣ್ಣ ವಯಸ್ಸು, ಸರ್ಕಾರಿ ನೌಕರಿ. ಆ ಕಾಲದಲ್ಲಿ ಯಾರಾದರೂ ಏನು ಮಾಡೋಕಾಗ್ತಿತ್ತು?”

“ನನಗೂ ಆವಾಗ ಇಪ್ಪತ್ತೆರಡ ಇತ್ತು” ಅಂದರು. “ನೀ ಸಲಹಾ ಕೊಡಾಂಗಿಲ್ಲ, ಮುರಳಿ. ಕೇಳೂದು ಕೇಳು.”

“ಇದನ್ನ ಯಾರಿಗೆ ಕೊಡ್ತೀರಿ?”

“ಕೊಡಾಕ ಯಾರ ಅದಾರ?”

ಹಿಂದೆ ನಾಲ್ಕು ಜನ ನಿಂತಿದ್ದರು. ನಾನು ಪೆನ್ನು ಕೆಳಗಿಟ್ಟೆ. ಅವರ ಮುಖ ನೋಡಿ ಕೇಳಿದೆ: “ಇದರಲ್ಲಿ ಬರೆದಿರೋದು ನಿಜವೇ?”

ಅಂಬುಜಕ್ಕ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಇನ್ನೊಮ್ಮೆ ಓದಿದರು. ‘ಸಾಹೇಬರು ಹೇಳಿದ್ದರಿಂದ’ ಎಂಬಲ್ಲಿಗೆ ಬಂದಾಗ ಅದರ ಮೇಲೆ ಗೀಟು ಎಳೆದರು.

“ಅದು ನಿಜಾನೇ ಅಲ್ವಾ ಅಕ್ಕ? ಅವರು ಹೇಳಿದ್ದರಲ್ಲ?”

“ಹೇಳಿದ್ದು ಖರೆ. ಅವರು ಹೇಳಿದ್ದರಿಂದ ಅನ್ನೂದು ಸುಳ್ಳು. ‘ಇಲ್ಲ ಸರ್, ಅವಗ ಮಕ್ಕಳಿಲ್ಲ’ ಅನ್ನಾಕ ನನಗ ಬಾಯಿ ಇತ್ತು.”

ಗೀಟಿನ ಪಕ್ಕದಲ್ಲಿ ಸಣ್ಣ ಸಹಿ ಹಾಕಿ ಹಾಳೆಯನ್ನು ನನ್ನತ್ತ ಸರಿಸಿದರು. ಆ ಒಂದು ನೆಪವನ್ನಾದರೂ ಅವರಿಗೆ ಉಳಿಸಿಕೊಡಬೇಕೆಂದು ನನಗೆ ತುಂಬಾ ಆಸೆಯಿತ್ತು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಆ ಗೀಟಿನ ಪಕ್ಕದಲ್ಲಿ ನಾನು ನನ್ನ ಸಹಿಯನ್ನೂ ಹಾಕಿದೆ.